ಮೆಚ್ಚುಗೆಯ ಫಾರಂ ಒಂದೇ ಸಾಲದು

ಕೊನೆಯ ಪಾಠದ ದಿನ ಮಕ್ಕಳು ತುಂಬಿದ ಮೆಚ್ಚುಗೆಯ ಫಾರಂನಲ್ಲಿ ಒಳ್ಳೆ ಅಂಕ ಬಂದರೆ, ಹದಿಹರೆಯದವರ ವ್ಯಕ್ತಿತ್ವ ಬೆಳೆಸಲು ಶಾಲೆಯಲ್ಲಿ ನಡೆಸುವ ಕಾರ್ಯಕ್ರಮ ಫಲಿಸಿದೆ ಅನ್ನಬಹುದೇ ಎಂದು ಕೇಳಿದ್ದೀರಿ. ಖಂಡಿತ ಸಾಲದು. ಪಾಠ ಮಾಡಿದ ಮೇಷ್ಟ್ರೇ ಎದುರಿಗೆ ನಿಂತಿದ್ದರೆ ಹದಿಮೂರರ ಹುಡುಗ ಸಾಲಾಗಿ ‘ಚೆನ್ನಾಗಿತ್ತು’ ಎಂದೇ ಗುರುತು ಹಾಕುತ್ತಾನೆ.

ಹಾಂಗ್‌ಕಾಂಗ್‌ನಲ್ಲಿ 2005ರಲ್ಲಿ ಶುರುವಾದ ‘ಪಾತ್ಸ್’ ಯೋಜನೆ ನೋಡಿ. ಅದೂ ಹದಿಹರೆಯದವರ ಒಳ್ಳೆಯ ಬೆಳವಣಿಗೆಗೆಂದು ಶಾಲೆಗಳಲ್ಲಿ ನಡೆದ ಕಾರ್ಯಕ್ರಮ. ಅಲ್ಲಿನ ಕುದುರೆ ರೇಸಿನ ಸಂಸ್ಥೆ ಜಾಕಿ ಕ್ಲಬ್‌ನ ದತ್ತಿಯ ಹಣ, ಸಂಶೋಧಕ ಡೇನಿಯಲ್ ಶೆಕ್ ಅವರ ನೇತೃತ್ವ. ಸೆಕೆಂಡರಿ 1ರಿಂದ 3ರವರೆಗೆ (ನಮ್ಮ 7ರಿಂದ 9ನೇ ತರಗತಿಯಷ್ಟು) ವರ್ಷಕ್ಕೆ 10 ಇಲ್ಲವೇ 20 ಗಂಟೆ ಪಾಠ. ಅಲ್ಲೂ ಫಾರಂ ಇತ್ತು. ಆದರೆ ಅದರ ಜೊತೆಗೆ ಪಾಠ ನಡೆದ 24 ಶಾಲೆಗಳನ್ನು, ನಡೆಯದ 24 ಶಾಲೆಗಳ ಜೊತೆ ವರ್ಷಗಟ್ಟಲೆ ಹೋಲಿಸಿದರು. ಅಳತೆಗೆ ಮಕ್ಕಳ ಈ ಬೆಳವಣಿಗೆಯನ್ನು ಅಳೆಯುವ, 90 ಪ್ರಶ್ನೆ, 15 ಉಪವಿಭಾಗಗಳ ಚೀನೀ ಪ್ರಶ್ನಾವಳಿ.

ನೀವು ಮೊದಲ ಪಾಠಕ್ಕೆ ಮುಂಚೆಯೇ ಒಮ್ಮೆ ಅಳೆಯಿರಿ, ಹೋಲಿಕೆ ಶಾಲೆಯಲ್ಲೂ ಅದೇ ವಾರ. ಹೆಸರು ಬೇಡ, ಪ್ರತಿ ಮಗುವಿಗೂ ಒಂದು ಗುಪ್ತ ಸಂಖ್ಯೆ ಕೊಡಿ, ಇಲ್ಲದಿದ್ದರೆ ಮುಂದಿನ ವರ್ಷದ ಹಾಳೆ ಯಾರದ್ದೆಂದು ಜೋಡಿಸಲಾಗದು. ಒಂದೇ ಶಾಲೆಯ ಮಕ್ಕಳ ಉತ್ತರಗಳು ಒಂದನ್ನೊಂದು ಹೋಲುತ್ತವೆ. ಹಾಗಾಗಿ ಲೆಕ್ಕದಲ್ಲಿ ಶಾಲೆಯನ್ನೂ ಒಂದು ಹಂತವಾಗಿ ಸೇರಿಸಿ, ಅಂದರೆ ಯಾವ ಮಗು ಯಾವ ಶಾಲೆಯದೆಂಬುದೂ ಲೆಕ್ಕಕ್ಕೆ ಬರಲಿ. ಇದನ್ನು ಬಿಟ್ಟರೆ ಇಲ್ಲದ ಪರಿಣಾಮವೂ ಇದ್ದಂತೆ ಕಾಣುತ್ತದೆ. ಪಾಠದ ಕೈಪಿಡಿಯಲ್ಲಿ ಎಷ್ಟು ಭಾಗ ನಿಜಕ್ಕೂ ನಡೆಯಿತೆಂದು ತರಗತಿಯಲ್ಲಿ ಕೂತು ಬರೆದುಕೊಳ್ಳಲು ಹೊರಗಿನವರೊಬ್ಬರನ್ನು ಕಳಿಸಿ.