ಹರ್ಡೀಕರ್ ಖರೇನ ಡಾಕ್ಟರ್ ಇದ್ರೇನ್ರಿ?

ಪ್ರಶ್ನೆ: ಸರ್, ನಮ್ಮದು ಘಟಪ್ರಭಾ ಕಡೆ. ನಮ್ಮಲ್ಲಿ ಹಿರ್ಯಾರು ಹರ್ಡೀಕರ್ ಡಾಕ್ಟರ್ ಅಂತ ಭಾಳ ಗೌರವದಿಂದ ಹೇಳತಾರ, ಆದ್ರ ಪುಸ್ತಕದಾಗ ನೋಡಿದ್ರ ಬರೇ ಕಾಂಗ್ರೆಸ್ ಸೇವಾದಳ ಅಂತ ಐತಿ. ಅವ್ರು ಖರೇನ ಡಾಕ್ಟರೋ, ಬರೇ ಲೀಡರೋ? ಅಷ್ಟು ಓದಿ ರಾಜಕೀಯಕ್ಕ ಹೋದ್ರ ಓದಿದ್ದೆಲ್ಲಾ ವೇಸ್ಟ್ ಅಲ್ಲೇನ್ರಿ?
- ಒಬ್ಬ ಓದುಗ, ಗೋಕಾಕ ತಾಲೂಕು

ಉತ್ತರ: ಖರೇನ ಡಾಕ್ಟರ್ ರೀ. ನಾರಾಯಣ ಸುಬ್ಬರಾವ್ ಹರ್ಡೀಕರ್ 1889ರಾಗ ಧಾರವಾಡದಾಗ ಹುಟ್ಟಿದವ್ರು, ಕಲ್ಕತ್ತಾದಾಗ ಮೆಡಿಕಲ್ ಓದಿ ಅಲ್ಲಿಂದ ಅಮೆರಿಕಾದ ಮಿಶಿಗನ್ ಯೂನಿವರ್ಸಿಟಿಗೆ ಹೋಗಿ ಪಬ್ಲಿಕ್ ಹೆಲ್ತ್ ಓದಿದ್ರು, ಅಲ್ಲಿದ್ದಾಗನ ಲಾಲಾ ಲಜಪತರಾಯ್ ಜೋಡಿ, ಭಾರತಕ್ಕ ಸ್ವರಾಜ್ಯ ಬೇಕು ಅನ್ನೂ ಹೋಂ ರೂಲ್ ಲೀಗ್ ಕೆಲಸಕ್ಕ ನಿಂತ್ರು. ಅಂದ್ರ ಡಾಕ್ಟರಕಿ ಬಿಟ್ಟು ರಾಜಕೀಯಕ್ಕ ಬಂದ್ರು ಅನ್ನೂದು ಪೂರ್ತಿ ಸರಿ ಅಲ್ಲ, ಎರಡೂ ಜೋಡೀಲೆ ಬಂದಾವು.

1923ರಾಗ ನಾಗಪುರ ಝಂಡಾ ಸತ್ಯಾಗ್ರಹಕ್ಕ ಹುಬ್ಬಳ್ಳಿ ಹುಡುಗೂರ್ನ ಕರಕೊಂಡು ಹೋಗಿ ಜೈಲು ಸೇರಿದ್ರು. ಒಳಗ ಭಾಳ ಮಂದಿ ಮಾಫಿ ಬರಕೊಟ್ಟು ಹೊರಗ ಬಂದ್ರ ಇವ್ರ ತಂಡ ಜಪ್ಪಯ್ಯ ಅಂದ್ರೂ ಬರಕೊಡಲಿಲ್ಲ, ಅದನ್ನ ನೋಡೇ ದೊಡ್ಡ ಲೀಡರ್‌ಗಳ ಕಣ್ಣು ಇವ್ರ ಮ್ಯಾಲ ಬಿತ್ತು, ಅದೇ ವರ್ಷ ಕಾಂಗ್ರೆಸ್ಸಿನ ಕಾಕಿನಾಡ ಅಧಿವೇಶನದಾಗ ಸೇವಾದಳ, ಅಂದ್ರ ಕಾಂಗ್ರೆಸ್ಸಿನ ಸ್ವಯಂಸೇವಕರ ಪಡೆ, ಹುಟ್ಟಿತು.

ಮುಂದಿನ ವರ್ಷಾನ ನಮ್ಮ ಬೆಳಗಾವಿ ಅಧಿವೇಶನ, ಡಿಸೆಂಬರ್ 1924, ಗಾಂಧೀಜಿ ಅಧ್ಯಕ್ಷರಾಗಿದ್ದು ಅದೊಂದೇ. ಸ್ವಯಂಸೇವಕರ ಜವಾಬ್ದಾರಿ ಹರ್ಡೀಕರ್ ಅವ್ರದು. ಓದಿದ್ದು ವೇಸ್ಟ್ ಅಂತೀರಲ್ಲ, ನನಗಂತೂ ಇಲ್ಲೇ ಅದು ಉಪಯೋಗಕ್ಕ ಬಂತು ಅನಿಸ್ತದ. ಬಯಲಾಗ ರಾತ್ರೋರಾತ್ರಿ ಎದ್ದ ಊರದು, ಸಾವಿರಾರು ಮಂದಿ, ಕುಡಿಯೋ ನೀರು ಕೆಟ್ರ, ಸಂಡಾಸು ಸ್ವಚ್ಛ ಇರದಿದ್ರ ವಾಂತಿಭೇದಿ ಸುರು, ಆಮ್ಯಾಲ ಯಾರ ಭಾಷಣ ಯಾರು ಕೇಳ್ತಾರ? ಪಬ್ಲಿಕ್ ಹೆಲ್ತ್ ಅಂದ್ರ ಇದೇ ಅಲ್ರಿ. ಇಂಜೆಕ್ಷನ್ ಚುಚ್ಚಿದ್ರ ಮಾತ್ರ ಡಾಕ್ಟರಾ?

1932ರಾಗ ಬ್ರಿಟಿಷರು ಸೇವಾದಳ ಬ್ಯಾನ್ ಮಾಡಿದ್ರು. ಸ್ವಾತಂತ್ರ್ಯ ಬಂದಮ್ಯಾಲ 1952ರಿಂದ 62ರ ತನಕ ರಾಜ್ಯಸಭಾ, ನಡುವ 1958ರಾಗ ಪದ್ಮಭೂಷಣ, 1975ರಾಗ ತೀರಿಕೊಂಡ್ರು. ಮಂತ್ರಿಗಿರಿ ಇಲ್ಲ. ನಿಮ್ಮ ಘಟಪ್ರಭಾದ ಕರ್ನಾಟಕ ಆರೋಗ್ಯಧಾಮದ ಜೋಡಿ ಅವ್ರ ನಂಟು ಇತ್ತು, ಹಿರ್ಯಾರು ನೆನಸೂದು ಸುಮ್ನ ಅಲ್ಲ.

ಪ್ರಶ್ನೆ: ರಾಜಕೀಯದಾಗ ಇದ್ದೂ ಪೇಶಂಟ್ ನೋಡಿದವ್ರು ಯಾರರ ಅದಾರೇನ್ರಿ?
- ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಬಂಗಾಲದ ಬಿ.ಸಿ. ರಾಯ್ ಅದಾರಲ್ವಾ. 1948ರಿಂದ 1962ರಾಗ ಸಾಯೂತನಕ ಮುಖ್ಯಮಂತ್ರಿ, ಆದ್ರೂ ಬಡವರನ್ನ ಪುಕ್ಕಟೆ ನೋಡೂದು ಬಿಡಲಿಲ್ಲ. ಜುಲೈ 1ಕ್ಕ ಡಾಕ್ಟರ್ಸ್ ಡೇ ಮಾಡೂದು ಅವ್ರ ಹೆಸರಿಲೇನ. ಇನ್ನ ನೀವು ಬೆಳಗಾವ್ಯಾಗ ಇದ್ದೀರಿ ಅಂದ್ರ ಟಿಳಕವಾಡಿಗೆ ಹೋಗಿ ಕಾಂಗ್ರೆಸ್ ಬಾವಿ ನೋಡ್ರಿ, 1924ರ ಅಧಿವೇಶನಕ್ಕ ನೀರಿಗಂತ ತೋಡಿದ್ದು ಅದು.