ಪ್ರಭಾವತಿಗುಪ್ತೆ ಅಪ್ಪನ ಕೈಗೊಂಬೆಯೇ?

ಧಾರವಾಡದ ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ, ಗುಪ್ತರ ಕಾಲದಲ್ಲಿ ವಿದರ್ಭ ಆಳಿದ ವಾಕಾಟಕ ಮನೆತನದ ರಾಣಿ ಪ್ರಭಾವತಿಗುಪ್ತೆಯನ್ನು ‘ಅಪ್ಪನ ಕೈಗೊಂಬೆ’ ಅಂದಿದ್ದೀರಿ. ಆಧಾರ ಏನು? ಈ ವಾಕಾಟಕರಿಗೂ ಕನ್ನಡನಾಡಿಗೂ ನಂಟಿತ್ತೇ?

ಸಂಪಾದಕರ ಉತ್ತರ: ಆ ಮಾತು ಲೇಖಕರದ್ದಲ್ಲ, ನನ್ನದು. ತಲೆಬರಹ ಚುರುಕಾಗಲಿ ಅಂತ ಸೇರಿಸಿದ್ದೆ. ನಿಮ್ಮ ಪತ್ರ ಬಂದ ಮೇಲೆ ಆಕೆಯ ತಾಮ್ರಪಟಗಳ, ಅಂದರೆ ದತ್ತಿ ಕೊಟ್ಟದ್ದನ್ನು ಕೆತ್ತಿಸಿದ ತಾಮ್ರದ ಹಲಗೆಗಳ, ಪಾಠ ಮತ್ತೆ ಓದಿದೆ. ಅವಸರ ಮಾಡಿದೆ ಅನಿಸಿತು.

ಅನುಮಾನವೇನೂ ಸುಮ್ನೆ ಹುಟ್ಟಿದ್ದಲ್ಲ. ಆಕೆ ಗುಪ್ತರ ಎರಡನೇ ಚಂದ್ರಗುಪ್ತನ ಮಗಳು. ಗಂಡ ಎರಡನೇ ರುದ್ರಸೇನ ಬೇಗ ತೀರಿಕೊಂಡ. ಮಕ್ಕಳಿನ್ನೂ ಚಿಕ್ಕವರು. ವಿದರ್ಭದ ಆಡಳಿತ ಆಕೆಯ ಕೈಗೆ ಬಂತು. ಪುಣೆಯಲ್ಲಿ ಸಿಕ್ಕ ಆಕೆಯ ತಾಮ್ರಪಟದಲ್ಲಿ ಮೊದಲು ಬರುವುದೇ ತವರಿನ ವಂಶಾವಳಿ. ಗೋತ್ರವೂ ತವರಿನ ಧಾರಣ ಗೋತ್ರ, ಗಂಡನ ಮನೆಯ ವಿಷ್ಣುವೃದ್ಧ ಅಲ್ಲ. ಅಕ್ಷರ ಕೂಡ ಬೇರೆ. ವಾಕಾಟಕರ ಪಟಗಳಲ್ಲಿ ಸಾಮಾನ್ಯವಾಗಿ ಅಕ್ಷರದ ತಲೆಕಟ್ಟು ಪುಟ್ಟ ಪೆಟ್ಟಿಗೆಯ ಹಾಗಿರುತ್ತದೆ. ಇಲ್ಲಿ ಮೊಳೆಯ ತಲೆಯಂತಿರುವುದೇ ಜಾಸ್ತಿ. ಬರೆದವನು ತವರಿನ ಕಡೆಯವನೇ ಇರಬೇಕು!

ಆದರೆ ತಾರೀಖು ನೋಡಿ. ಅಪ್ಪನ ಗುಪ್ತ ಶಕೆ ಇಲ್ಲ. ವಾಕಾಟಕರ ರೂಢಿಯಂತೆ ಆಳ್ವಿಕೆಯ ವರ್ಷದ ಲೆಕ್ಕದಲ್ಲಿ ಬರೀ 13ನೇ ವರ್ಷ ಅಂತಿದೆ. ಹೊರಡಿಸಿದ್ದು ನಂದಿವರ್ಧನದಿಂದ, ಅಂದರೆ ರಾಮ್‌ಟೆಕ್ ಹತ್ತಿರದ ನಗರಧನ್‌ನಿಂದ. ಮುದ್ರೆಯಲ್ಲಿ ಇದು ‘ಯುವರಾಜನ ತಾಯಿಯ’ ಶಾಸನ. ತನ್ನನ್ನು ಆಕೆ ‘ಉಭಯಕುಲಾಲಂಕಾರಭೂತಾ’ ಅಂದುಕೊಳ್ಳುತ್ತಾಳೆ. ಎರಡೂ ಮನೆಗೆ ಒಡವೆ! ಬರೀ ತವರಿನ ಮಾತು ಕೇಳುವವಳು ಹೀಗೆ ಬರೆಸುತ್ತಾಳಾ?

ನನ್ನ ತಲೆಬರಹವನ್ನು ಪೂರಾ ಕೆಡವಿದ್ದು ಆಕೆಯದೇ ಇನ್ನೊಂದು ತಾಮ್ರಪಟ, ಋದ್ಧಪುರದ್ದು. ಅದು ಮಗ ಎರಡನೇ ಪ್ರವರಸೇನ ಆಳುತ್ತಿದ್ದ 19ನೇ ವರ್ಷದ್ದು. ಚಂದ್ರಗುಪ್ತ ತೀರಿಕೊಂಡು ಆಗಲೇ ಎಷ್ಟೋ ವರ್ಷ. ಆಡಿಸುವವನೇ ಇಲ್ಲ. ಆದರೂ ಆಕೆ ದತ್ತಿ ಕೊಡುತ್ತಿದ್ದಾಳೆ, ಆಗಲೂ ಧಾರಣ ಗೋತ್ರದ ಹೆಸರಿನಲ್ಲೇ. ಅಂದಮೇಲೆ ತವರಿನ ಹೆಸರು ಆಕೆಗೆ ಅಪ್ಪ ಕಟ್ಟಿದ ದಾರವಲ್ಲ, ತಾನೇ ಇಟ್ಟುಕೊಂಡ ಬಲ ಅಲ್ವಾ? ಮಾತು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಇನ್ನು ಕನ್ನಡನಾಡಿನ ನಂಟಿನ ವಿಷಯ. ಪ್ರವರಸೇನನ ಮಗ ನರೇಂದ್ರಸೇನ ಕುಂತಲದ (ಕನ್ನಡನಾಡಿನ ಒಂದು ಭಾಗದ ಹಳೆಯ ಹೆಸರು) ದೊರೆಯ ಮಗಳನ್ನು ಮದುವೆಯಾದ ಅಂತ ಬಾಲಾಘಾಟ್ ಪಟ ಹೇಳುತ್ತದೆ. ಆಕೆ ಬನವಾಸಿ ಕದಂಬರ ಮಗಳು ಅನ್ನುವುದು ಹಲವು ಇತಿಹಾಸಕಾರರ ಮತ. ಶಿಕಾರಿಪುರದ ಕಡೆ ಹೋದರೆ ತಾಳಗುಂದದಲ್ಲಿರುವ ಕದಂಬರ ಶಾಸನದ ಕಂಬ ನೋಡಿ ಬನ್ನಿ. ಕದಂಬರ ದೊರೆ ಕಾಕುಸ್ಥವರ್ಮ ಗುಪ್ತರಿಗೂ ಬೇರೆ ರಾಜರಿಗೂ ಹೆಣ್ಣು ಕೊಟ್ಟ ಸಂಗತಿ ಅದರಲ್ಲಿದೆ. ಅಕ್ಷರಗಳ ತಲೆ ಮೇಲೆ ಅದೇ ಪುಟ್ಟ ಪೆಟ್ಟಿಗೆಗಳೂ ಇವೆ.