ಮಳೆಗಾಲಕ್ಕೆ ಮುಂಚೆ ಪೋಲ್ ಸಾ ಎತ್ತಿಡೋದು ಹೇಗೆ?

ಪ್ರಶ್ನೆ: ಬೆಟ್ಟದಲ್ಲಿ ಸೊಪ್ಪು ಸವರೋಕೆ ಬ್ಯಾಟರಿ ಪೋಲ್ ಸಾ (ಉದ್ದ ಕೋಲಿನ ತುದಿಗೆ ಚೈನ್ ಗರಗಸ ಇರೋ ಮಿಷನ್) ತಂದಿದ್ದೆ. ಹೋದ ಮಳೆಗಾಲ ಕೊಟ್ಟಿಗೆ ಪಕ್ಕದ ಕೋಣೆಯಲ್ಲಿತ್ತು. ದಸರಾ ಹೊತ್ತಿಗೆ ತೆಗೆದರೆ ಚೈನ್ ತುಕ್ಕು, ನೆಲದ ತುಂಬಾ ಎಣ್ಣೆ, ಬ್ಯಾಟರಿ ಚಾರ್ಜೇ ತಗೊಳ್ಳಲಿಲ್ಲ. ಮಿಷನ್ನೇ ಖರಾಬಾ?
– ಶಿರಸಿ ಕಡೆಯ ಓದುಗರು

ಉತ್ತರ: ಮಿಷನ್ ಸರಿಯಾಗೇ ಇರಬಹುದು, ಇಟ್ಟ ಜಾಗ ಸರಿಯಿಲ್ಲ. ಎಣ್ಣೆ ಸೋರುವುದು ರೋಗವಲ್ಲ, ಟ್ಯಾಂಕಲ್ಲಿ ಚೈನ್‌ಗೆ ಹಾಕುವ ಎಣ್ಣೆ ಇದ್ದರೆ ಸುಮ್ನೆ ಇಟ್ಟಾಗಲೂ ಸ್ವಲ್ಪ ಸ್ವಲ್ಪ ಜಿನುಗುತ್ತದೆ. ಎತ್ತಿಡುವ ಮುಂಚೆ ಟ್ಯಾಂಕ್ ಖಾಲಿ ಮಾಡಿ.

ಬ್ಯಾಟರಿ ವಿಷಯ ಮಾತ್ರ ಬೇರೆ. ಲಿಥಿಯಂ ಬ್ಯಾಟರಿಯನ್ನು ಖಾಲಿಯಾದದ್ದು ಖಾಲಿಯಾದ ಹಾಗೇ ತಿಂಗಳುಗಟ್ಟಲೆ ಬಿಟ್ಟರೆ ಅದರ ವೋಲ್ಟೇಜ್ ಇನ್ನೂ ಇಳಿದು, ಕೊನೆಗೆ ಚಾರ್ಜರ್ರೇ ಅದನ್ನು ಒಪ್ಪುವುದಿಲ್ಲ. ಬೇರೆ ಬ್ಯಾಟರಿಯಿಂದ ವೈರ್ ಕೊಟ್ಟು ಎಬ್ಬಿಸೋ ಸಾಹಸ ಬೇಡ, ಬೆಂಕಿ ಹತ್ತೀತು. ಸರ್ವಿಸ್‌ನವರಿಗೆ ತೋರಿಸಿ. ಇನ್ನು ಮೇಲೆ ಬ್ಯಾಟರಿ ಬಿಚ್ಚಿ, ಅರ್ಧದಷ್ಟು ಚಾರ್ಜ್ ಇಟ್ಟು (ಬ್ಯಾಟರಿ ಮೇಲೆ ನಾಲ್ಕು ದೀಪ ಇದ್ದರೆ ಎರಡು ಉರಿಯುವಷ್ಟು) ಮನೆಯೊಳಗಿನ ಕಪಾಟಲ್ಲಿಡಿ. ಎರಡು ತಿಂಗಳಿಗೊಮ್ಮೆ ನೋಡಿ. ಚಾರ್ಜರ್‌ನಲ್ಲೇ ಸಿಕ್ಕಿಸಿಡಬೇಡಿ. ಅಡಿಕೆ ಒಣಗಿಸೋ ಅಟ್ಟ ಬೆಚ್ಚಗಿರುತ್ತೆ ಅಂತ ಅಲ್ಲಿಡೋರಿದ್ದಾರೆ, ಅಷ್ಟು ಸೆಕೆ ಬ್ಯಾಟರಿಗೆ ಆಗಿಬರುವುದಿಲ್ಲ.

ಈಗ ಚೈನ್. ಬ್ಯಾಟರಿ ಬಿಚ್ಚಿದ ಮೇಲೇ ಕೈ ಹಾಕಿ, ಗ್ಲೌಸ್ ಇರಲಿ. ಹಲಸಿನ ಕೊಂಬೆ ಕೊಯ್ದಿದ್ದರೆ ಅದರ ಮೇಣಕ್ಕೆ ಮರದ ಹೊಟ್ಟು ಸೇರಿ ಬಾರ್‌ನ (ಚೈನ್ ಸುತ್ತ ಓಡುವ ಪಟ್ಟಿಯ) ಸೀಳಿನಲ್ಲಿ ಕಪ್ಪಗೆ ಅಂಟಿಕೊಂಡಿರುತ್ತೆ, ಹಳೇ ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಕೆರೆದರೆ ಪಟ್ಟಿ ಪಟ್ಟಿಯಾಗಿ ಏಳುತ್ತೆ. ಎಣ್ಣೆ ಬರುವ ಸಣ್ಣ ತೂತನ್ನೂ ಬಿಡಿಸಿ. ಚೈನನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಹಳೇ ಬ್ರಶ್‌ನಲ್ಲಿ ತಿಕ್ಕಿ, ಒಣಗಿಸಿ, ಎಣ್ಣೆ ಸವರಿ ಡಬ್ಬಿಯಲ್ಲಿಡಿ. ತುಕ್ಕು ಹಿಡಿದದ್ದಕ್ಕೂ ಇದೇ ಉಪಚಾರ, ಆದರೆ ಇಷ್ಟಾದ ಮೇಲೂ ಕೊಂಡಿಗಳು ಸಲೀಸಾಗಿ ಮಡಚದಿದ್ದರೆ ಹೊಸ ಚೈನ್ ತನ್ನಿ. ಮತ್ತೆ, ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯೋ ಮೈಲುತುತ್ತದ ಚೀಲದ ಪಕ್ಕ ಮಿಷನ್ ಇಡಲೇಬೇಡಿ. ಅದು ಕಬ್ಬಿಣವನ್ನು ತಿನ್ನುತ್ತೆ.

ಪ್ರಶ್ನೆ: ಚೈನ್‌ಗೆ ಕೊಬ್ಬರಿ ಎಣ್ಣೆ ಹಾಕಬಹುದಾ? ನಮ್ಮದು ಸಮುದ್ರದ ಪಕ್ಕದ ಮನೆ.
– ಕಾರವಾರದ ಓದುಗರು

ಉತ್ತರ: ಬಾರ್ ಆಯಿಲ್ (ಚೈನ್‌ಗೆಂದೇ ಬರುವ ಎಣ್ಣೆ) ಮುಗಿದ ದಿನ, ಆ ಹೊತ್ತಿನ ಕೆಲಸಕ್ಕೆ ನಡೆಯುತ್ತೆ. ಒಳಗೇ ಬಿಟ್ಟರೆ ಅಂಟಾಗುತ್ತೆ, 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗಿ ಪಂಪ್ ಕಟ್ಟಿಕೊಳ್ಳುತ್ತೆ. ಬೈಕಿನಿಂದ ತೆಗೆದ ಕರಿ ಎಣ್ಣೆ ಬೇಡವೇ ಬೇಡ, ಅದರಲ್ಲಿ ಲೋಹದ ಪುಡಿ ಇರುತ್ತೆ. ನಿಮ್ಮಲ್ಲಿ ಉಪ್ಪುಗಾಳಿ ಬೇರೆ, ಹಾಗಾಗಿ ಎತ್ತಿಡುವ ಮುಂಚೆ ಕೋಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣ ಬಟ್ಟೆಯಲ್ಲಿ. ತೆಂಗಿನ ಮರದ ಹತ್ತಿರ ಕರೆಂಟ್ ಲೈನ್ ಇದ್ದರೆ ಕೋಲು ಎತ್ತಲೇಬೇಡಿ, ಲೈನ್‌ಮನ್‌ನ ಕರೆಯಿರಿ. ಅಲ್ಯೂಮಿನಿಯಂ ಇರಲಿ, ಕಾರ್ಬನ್ ಫೈಬರ್ ದೋಟಿ ಇರಲಿ, ಎರಡರಲ್ಲೂ ಕರೆಂಟ್ ಹರಿಯುತ್ತೆ.